ಹದಿನೈದು ಕಂಬದ ಗ್ರಾಫಿಕ್ಸ್ ಕಾರ್ಡು

"ಗೇಮ್ ಆಡೋದು ಯಾರು? ಮಗನನ್ನು ಯಾಕೆ ಕರ್ಕೊಂಡು ಬರಲಿಲ್ಲ?"

ಕಳೆದ ಶನಿವಾರ ಚೆನ್ನೈನ ರಿಚ್ಚಿ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಇದು. ತಮಿಳಿನಲ್ಲಿ ಕೇಳಿದವರು ಅಂಗಡಿಯ ಯಜಮಾನಿ. ಐವತ್ತು ದಾಟಿದವರು, ಸ್ಕ್ರೂಡ್ರೈವರನ್ನು ಜಡೆಗೆ ಸಿಕ್ಕಿಸಿಕೊಂಡಿದ್ದರು. ನಾನು ಪಕ್ಕಕ್ಕೆ ಕೈ ತೋರಿಸಿದೆ. ಪಕ್ಕದಲ್ಲಿ ನನ್ನ ಮಾವ ನಿಂತಿದ್ದರು. ವಯಸ್ಸು ಎಪ್ಪತ್ತೊಂದು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ತೋಳಿನಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ನಮ್ಮ ಮನೆಯ ಸಿಪಿಯು.

"ತಾತಾವುಕ್ಕಾ?" ಎಂದರು ಯಜಮಾನಿ.

ಹೌದು, ತಾತನಿಗೇ. ಗೇಮರ್ ಅಂದರೆ ಮೀಸೆ ಚಿಗುರದ ಹುಡುಗನೇ ಆಗಿರಬೇಕು ಎಂದು ಕಾನೂನಿದೆಯೇ? ನಮ್ಮ ಮನೆಯ ಗೇಮರ್ ಮಧ್ಯಾಹ್ನ ಊಟಕ್ಕೆ ಮುಂಚೆ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ಅಂದು ನಾವು ಅಲ್ಲಿಗೆ ಹೋಗಿದ್ದು ಆಟಕ್ಕಾಗಿ ಅಲ್ಲ. ಮಾವನ ಕಣ್ಣು ಸರಿಯಿದೆಯೋ ಇಲ್ಲವೋ ಎಂದು ತೀರ್ಮಾನ ಮಾಡುವುದಕ್ಕೆ. ಕಣ್ಣಿಗೂ ಗ್ರಾಫಿಕ್ಸ್ ಕಾರ್ಡಿಗೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ.

ನನ್ನ ಮಾವ ರೈಲು ಓಡಿಸಿದವರು. ಅರಸೀಕೆರೆಯವರು. ಇಂಜಿನ್ನಿನಲ್ಲಿ ಸಹಾಯಕನಾಗಿ ಕೆಲಸಕ್ಕೆ ಸೇರಿ, ಜೋಲಾರ್‌ಪೇಟೆ, ಅರಕ್ಕೋಣಂ ಎಂದು ವರ್ಗವಾಗುತ್ತ ಚೆನ್ನೈಗೆ ಬಂದು, ಕ್ರೋಂಪೇಟೆಯಲ್ಲಿ ಮನೆ ಮಾಡಿ ನಿವೃತ್ತರಾದರು. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಕೆಂಪು ಸಿಗ್ನಲ್ ದಾಟಿದವರಲ್ಲ. ಇದನ್ನು ಅವರಾಗಿ ಯಾರಿಗೂ ಹೇಳಿಕೊಳ್ಳುವುದಿಲ್ಲ. ಬದುಕಿದ್ದಾಗ ಅತ್ತೆಯೇ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಹೇಳುತ್ತಿದ್ದರು.

ಎರಡು ತಿಂಗಳ ಹಿಂದೆ ಅಪ್ಪನ ಹುಟ್ಟುಹಬ್ಬಕ್ಕೆಂದು ನನ್ನ ಗಂಡ ತನ್ನ ಹಳೆಯ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಗೇಮ್ ಒಂದನ್ನು ಹಾಕಿಕೊಟ್ಟ. (ಅವನು ಇನ್ಶೂರೆನ್ಸಿನವನು. ತಿಂಗಳಲ್ಲಿ ಹದಿನೈದು ದಿನ ಮಧುರೆ, ತಿರುನೆಲ್ವೇಲಿ ಕಡೆ ಟೂರು.) ಮಾವ ಮೊದಲು ಮೂಗು ಮುರಿದರು. "ನಿಜವಾದ್ದು ಓಡ್ಸಿದೋನಿಗೆ ಇದೇನು ಆಟ್ದ ಸಾಮಾನು ಕೊಡ್ತೀಯಲ್ಲೋ" ಎಂದರು. ಮೂರನೆಯ ದಿನ ನೋಡಿದರೆ ಬೆಳಗ್ಗೆ ಆರಕ್ಕೆ ಸ್ನಾನ ಮುಗಿಸಿ, ಇಸ್ತ್ರಿ ಶರ್ಟು ಹಾಕಿಕೊಂಡು, ವಾಚನ್ನು ಕೀಬೋರ್ಡಿನ ಪಕ್ಕ ಬಿಚ್ಚಿಟ್ಟು ಕೂತಿದ್ದಾರೆ. ಟೈಮಿಗೆ ಸರಿಯಾಗಿ ಗಾಡಿ ಬಿಟ್ಟರು. ನನಗೆ ಸಂತೋಷವಾಯಿತು. ಅತ್ತೆ ಹೋದ ಮೇಲೆ ಅವರನ್ನು ಆ ಹುರುಪಿನಲ್ಲಿ ನಾನು ನೋಡಿರಲಿಲ್ಲ.

ಹತ್ತು ದಿನ ಕಳೆಯಿತು. ಆಮೇಲೆ ಮಾವ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿಬಿಟ್ಟರು.

ಅಷ್ಟೇ ಆಗಿದ್ದರೆ ಬೇಜಾರಾಯಿತೇನೋ ಎಂದುಕೊಳ್ಳಬಹುದಿತ್ತು. ಆದರೆ ಅದೇ ವಾರ ಅವರು ಸ್ಕೂಟರ್ ಕೀಯನ್ನು ಮೊಳೆಗೆ ನೇತುಹಾಕಿದರು. ದಿನಾ ಬೆಳಗ್ಗೆ ನನ್ನನ್ನು ಸ್ಟೇಷನ್ನಿಗೆ ಬಿಡುತ್ತಿದ್ದವರು ಅವರು. ನಾನು ಬ್ಯಾಂಕಿಗೆ ಹೋಗಲು ಎಂಟೂ ಕಾಲಿನ ಲೋಕಲ್ ಹಿಡಿಯಬೇಕು. "ಮಂಡಿ ನೋವು ಕಣಮ್ಮ, ಷೇರ್ ಆಟೋದಲ್ಲಿ ಹೋಗ್ಬುಡು" ಎಂದರು. ಹೋದೆ. ಪೇಪರು ತರಲು ದೊಡ್ಡ ರಸ್ತೆ ದಾಟುವುದನ್ನೂ ನಿಲ್ಲಿಸಿದರು. ಒಂದು ದಿನ ಬಾಲ್ಕನಿಯಲ್ಲಿ ನಿಂತು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲಿನ ಅಕ್ಷರ ಓದುತ್ತಿದ್ದರು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿಕೊಂಡು ಮತ್ತೆ ಓದಿದರು.

ನಾನು ಜಾಣೆ ಅಲ್ಲವೇ? ತಕ್ಷಣ ಅರ್ಥ ಮಾಡಿಕೊಂಡೆ. ಗಂಡನಿಗೆ ಫೋನಿನಲ್ಲಿ ಹೇಳಿದೆ: "ಮಾವನಿಗೆ ಕಣ್ಣು ಮಂಜಾಗ್ತಿದೆ. ಪೊರೆ ಆಪರೇಷನ್ ಆಗಿ ಎರಡು ವರ್ಷ ಆಯ್ತಲ್ಲ. ವಯಸ್ಸಾಯ್ತು ಬಿಡಿ, ಸ್ಕೂಟರ್ ಮಾರಿಬಿಡೋಣ." ಕೆಳಗಿನ ಮನೆಯವರ ಹತ್ತಿರ ಗಿರಾಕಿ ಇದ್ದರೆ ನೋಡಿ ಎಂದೂ ಹೇಳಿದ್ದಾಯಿತು. ಎಲ್ಲ ಎರಡೇ ದಿನದಲ್ಲಿ. ಬ್ಯಾಂಕಿನ ಕೆಲಸವನ್ನೂ ನಾನು ಇಷ್ಟು ಬೇಗ ಮುಗಿಸಿದ್ದಿಲ್ಲ.

ಒಂದು ಭಾನುವಾರ ಕಾಫಿ ಲೋಟ ಕೈಗೆ ಕೊಡುವಾಗ ಕೇಳಿಯೇಬಿಟ್ಟೆ. "ಮಾವಾ, ಏನಾಗಿದೆ ನಿಮಗೆ?"

ಲೋಟ ಕೆಳಗಿಟ್ಟರು. "ಮೂರು ಸಲ ಕೆಂಪು ದಾಟ್ಬುಟ್ಟೆ ಕಣಮ್ಮ" ಎಂದರು.

ಸ್ಕೂಟರಿನಲ್ಲಿ ಎಲ್ಲಿ, ಯಾರಿಗೆ ಗುದ್ದಿದರೋ? "ಎಲ್ಲಿ ಮಾವಾ? ಯಾವಾಗ?"

"ಅಲ್ಲೇ. ಕಂಪ್ಯೂಟರ್‌ನಲ್ಲಿ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನನ್ನ ನಗು ಅರ್ಧಕ್ಕೇ ನಿಂತಿತು.

ಅವರ ಕೆಲಸದಲ್ಲಿ ಒಂದು ಕ್ರಮವಿದೆಯಂತೆ. ಕೆಂಪು ದಾಟಿದ ಡ್ರೈವರನ್ನು ಅಲ್ಲೇ ಗಾಡಿಯಿಂದ ಇಳಿಸುತ್ತಾರೆ. ಡಾಕ್ಟರು ಪರೀಕ್ಷೆ ಮಾಡಿ, ವಿಚಾರಣೆ ಮುಗಿಯುವ ತನಕ ಯಾವ ಗಾಡಿಯನ್ನೂ ಮುಟ್ಟುವಂತಿಲ್ಲ. ಸಿಗ್ನಲ್ ಕೆಟ್ಟಿತ್ತು, ಮಂಜಿತ್ತು ಎನ್ನುವ ಮಾತೆಲ್ಲ ಆಮೇಲೆ. ಮೊದಲು ನಿನ್ನ ಕಣ್ಣು ತೋರಿಸು. ಮಾವ ಅದನ್ನೇ ಮಾಡಿದ್ದರು. ತಪ್ಪು ಮಾಡಿದವರೂ ಅವರೇ, ಡ್ಯೂಟಿಯಿಂದ ಇಳಿಸಿದ ಸಾಹೇಬರೂ ಅವರೇ. ಯಾವ ಗಾಡಿಯನ್ನೂ ಮುಟ್ಟುವಂತಿಲ್ಲ ಎಂದ ಮೇಲೆ ಸ್ಕೂಟರ್ ಗಾಡಿಯಲ್ಲವೇ?

(ನನ್ನದು ಕುಂದಾಪುರದ ಕಡೆಯ ಹೋಟೆಲ್ ಮನೆತನ. ಸಾಂಬಾರು ಕೆಟ್ಟರೆ ನಮ್ಮಲ್ಲಿ ಮೊದಲು ಬೇಳೆಗೆ ಬೈಗುಳ, ಆಮೇಲೆ ನೀರಿಗೆ. ಅಡುಗೆಯವರ ಸರದಿ ಬರುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ಹಾಗಾಗಿ ಈ ಪದ್ಧತಿ ನನಗೆ ಹೊಸದು.)

ಮಾರನೆಯ ದಿನವೇ ಕೀಲ್ಪಾಕಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅಕ್ಷರ ಓದಿಸಿದರು, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು, ಹನಿ ಬಿಟ್ಟು ಒಳಗೆಲ್ಲ ನೋಡಿದರು. "ಫಸ್ಟ್ ಕ್ಲಾಸ್ ಆಗಿದೆ, ಈ ಕನ್ನಡಕವೇ ಸಾಕು" ಎಂದರು. ನಾನು ದೇವರಿಗೆ ಕೈ ಮುಗಿದೆ. ಮಾವ ಮಾತ್ರ ಆಟೋದಲ್ಲಿ ಇನ್ನಷ್ಟು ಕುಗ್ಗಿ ಕೂತಿದ್ದರು.

"ಡಾಕ್ಟರೇ ಹೇಳಿದ್ರಲ್ಲ ಮಾವಾ, ಇನ್ನೇನು?"

"ಕಣ್ಣು ನೆಟ್ಟಗಿದ್ದೂ ಸಿಗ್ನಲ್ ಕಾಣ್ಲಿಲ್ಲ ಅಂದ್ರೆ ಏನಮ್ಮ ಅರ್ಥ? ತಲೆ ನೆಟ್ಟಗಿಲ್ಲ ಅಂತ ತಾನೆ? ನಮ್ಮಣ್ಣಂಗೂ ಹಿಂಗೇ ಶುರುವಾಗಿದ್ದು."

ಅವರ ಅಣ್ಣ ಕೊನೆಯ ನಾಲ್ಕು ವರ್ಷ ಹೆಂಡತಿಯ ಹೆಸರನ್ನೂ ಮರೆತಿದ್ದರು. ಕಣ್ಣಾದರೆ ಕನ್ನಡಕವಿದೆ, ಆಪರೇಷನ್ ಇದೆ. ಇದಕ್ಕೇನು ಮಾಡುವುದು? ನಿಜ ಹೇಳಬೇಕೆಂದರೆ ನನಗೆ ತುಂಬಾ ಭಯವಾಗಿತ್ತು.

ಮನೆಗೆ ಬಂದವಳೇ ಟವೆಲ್ ತೆಗೆದು ಕಂಪ್ಯೂಟರಿನ ಮುಂದೆ ನಾನೇ ಕೂತೆ. "ಹೇಗೆ ಓಡಿಸೋದು ಹೇಳಿಕೊಡಿ" ಎಂದೆ. ಹೇಳಿಕೊಟ್ಟರು. ರೈಲು ಹೊರಟಿತು, ವೇಗ ಹಿಡಿಯಿತು. ನಾನು ರೆಪ್ಪೆ ಮಿಟುಕಿಸದೆ ಮುಂದೆ ನೋಡುತ್ತಿದ್ದೆ. ಹಳಿ, ಕರೆಂಟಿನ ಕಂಬ, ಹಳಿ, ಕಂಬ. ಅದರಾಚೆ ಬರೀ ಬೂದಿ ಬಣ್ಣ. ಆ ಬೂದಿಯೊಳಗಿಂದ ಇದ್ದಕ್ಕಿದ್ದಂತೆ ಸಿಗ್ನಲ್ ಕಂಬ ಧುತ್ತೆಂದು ಎದ್ದು ನಿಂತಿತು. ಕೆಂಪು. ಬ್ರೇಕ್ ಒತ್ತುವಷ್ಟರಲ್ಲಿ ದಾಟಿಯೇಬಿಟ್ಟಿದ್ದೆ.

"ಮಾವಾ, ನನಗೂ ಕಾಣಲಿಲ್ಲ" ಎಂದೆ. ನನಗೆ ನಲವತ್ತೆರಡು. ಕನ್ನಡಕವೂ ಇಲ್ಲ.

ಗಂಡನಿಗೆ ಫೋನ್ ಮಾಡಿದೆ. ಆ ಪುಣ್ಯಾತ್ಮ ಏನೂ ಆಗಿಲ್ಲವೆಂಬಂತೆ ಹೇಳಿದ: "ಓ ಅದಾ? ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಲ್ವಾ, ಗೇಮ್ ತಡವರಿಸ್ತಿತ್ತು. ಅದಕ್ಕೆ ಸೆಟ್ಟಿಂಗ್ಸ್ ಎಲ್ಲ ಕಮ್ಮಿ ಮಾಡಿಟ್ಟಿದ್ದೆ. ದೂರದ್ದು ಕಾಣಿಸಲ್ಲ ಅಷ್ಟೇ."

ಅಷ್ಟೇ! ಅಪ್ಪನಿಗೆ ರೈಲು ಕೊಟ್ಟು, ದೂರದ್ದನ್ನು ತೆಗೆದುಬಿಟ್ಟಿದ್ದಾನೆ ಮಹಾರಾಯ. ನಾನು ಫೋನಿನಲ್ಲಿ ಅವನಿಗೆ ಏನು ಹೇಳಿದೆ ಎನ್ನುವುದು ಅಂಕಣದಲ್ಲಿ ಬರೆಯುವಂಥದ್ದಲ್ಲ.

ಮಾವನಿಗೆ ಮಾತ್ರ ಪೂರ್ತಿ ನಂಬಿಕೆ ಬರಲಿಲ್ಲ. ಸೊಸೆ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂಬ ಗುಮಾನಿ. "ಕಾರ್ಡ್ ಹಾಕಿ ನೋಡಾಣ. ಆಗ ಕಂಡ್ರೆ ನಾನು ಸರಿ ಇದ್ದೀನಿ ಅಂತ" ಎಂದರು. ಹಾಗೆ ಶನಿವಾರ ಲೋಕಲ್ ರೈಲಿನಲ್ಲಿ, ಮಾವನ ತೊಡೆಯ ಮೇಲೆ ಸಿಪಿಯು ಕೂರಿಸಿಕೊಂಡು, ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ನಾವು ರಿಚ್ಚಿ ಸ್ಟ್ರೀಟಿಗೆ ಹೋಗಿದ್ದು. ಯಜಮಾನಿಗೆ ಇಷ್ಟು ಕಥೆ ಹೇಳುವಷ್ಟರಲ್ಲಿ ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳೂ ಕಿವಿಗೊಟ್ಟು ನಿಂತಿದ್ದರು.

ಯಜಮಾನಿ ಸಿಪಿಯು ಬಿಚ್ಚಿ ನೋಡಿ ಮೂರು ಕಾರ್ಡು ತಂದಿಟ್ಟರು. ಒಂದು ಬಡಪಾಯಿ, ಒಂದು ಮಧ್ಯಮವರ್ಗ, ಮೂರನೆಯದು ಮೂರು ಫ್ಯಾನು ಹೊತ್ತ ಸಾಹುಕಾರ. ಮೆಮೊರಿ ಎಷ್ಟು ಜಿಬಿ, ಸೆಕೆಂಡಿಗೆ ಎಷ್ಟು ಫ್ರೇಮು ಎಂದು ಶುರು ಮಾಡಿದರು. ಮಾವ ಕೈ ಎತ್ತಿ ತಡೆದರು.

"ಎಷ್ಟು ಕರೆಂಟ್ ಕಂಬ ಮುಂಚೆ ಸಿಗ್ನಲ್ ಕಾಣುತ್ತೆ, ಅಷ್ಟು ಹೇಳಮ್ಮ" ಎಂದು ತಮಿಳಿನಲ್ಲಿ ಕೇಳಿದರು.

ಇಷ್ಟು ವರ್ಷದ ವ್ಯಾಪಾರದಲ್ಲಿ ಯಜಮಾನಿಗೆ ಈ ಪ್ರಶ್ನೆ ಬಂದಿರಲಿಲ್ಲವೆಂದು ಕಾಣುತ್ತದೆ. "ತೆರಿಯಲೈಯೇ ಅಯ್ಯಾ, ನನಗೆ ಗೊತ್ತಿಲ್ಲ, ನೀವೇ ಹಾಕಿ ನೋಡಿಬಿಡಿ" ಎಂದರು.

ಪರೀಕ್ಷೆ ಶುರುವಾಯಿತು. ಇಂಜಿನ್ನಿನಲ್ಲಿ ಇಬ್ಬರಿರುತ್ತಾರಂತೆ. ಒಬ್ಬ ಸಿಗ್ನಲ್ ನೋಡಿ ಕೂಗಬೇಕು, ಇನ್ನೊಬ್ಬ ತಾನೂ ನೋಡಿ ಅದನ್ನೇ ತಿರುಗಿ ಕೂಗಬೇಕು. ಒಬ್ಬನೇ ನೋಡಿದ್ದು ಲೆಕ್ಕಕ್ಕಿಲ್ಲ. ಸಹಾಯಕಿಯಾಗಿ ನಾನು ಪಕ್ಕದ ಸ್ಟೂಲಿನಲ್ಲಿ ಕೂತೆ. ಮೊದಲು ಕಾರ್ಡಿಲ್ಲದೆ ಓಡಿಸಿದರು. ಸಿಗ್ನಲ್ ಕಂಡ ಮೇಲೆ ಅದನ್ನು ಮುಟ್ಟುವ ತನಕ ಎಣಿಸಿದರೆ ನಾಲ್ಕೇ ಕಂಬ. ಬಡಪಾಯಿ ಕಾರ್ಡು ಹಾಕಿ, ಅದು ತಡೆದುಕೊಳ್ಳುವಷ್ಟು ಸೆಟ್ಟಿಂಗ್ ಏರಿಸಿ ಓಡಿಸಿದಾಗ ಏಳು ಕಂಬ. "ಬಿಸಿಲಿಗೆ ಸಾಕು, ಮಳೆ ಬಂದ್ರೆ ಸಾಲ್ದು" ಎಂದು ಮಾವ ತಲೆಯಾಡಿಸಿದರು.

ಮಧ್ಯಮವರ್ಗದ ಕಾರ್ಡು ಹಾಕಿದರು. ರೈಲು ಹೊರಟಿತು. ಪರದೆಯಲ್ಲಿ ಹಳಿ ಉದ್ದಕ್ಕೆ ಹರಿದು ಹೋಗಿ ಆಕಾಶಕ್ಕೆ ಸೇರುವುದು ಕಾಣುತ್ತಿತ್ತು. ನಾನು ಇನ್ನೂ ಅದನ್ನು ನೋಡುತ್ತಿರುವಾಗಲೇ ಮಾವನ ದನಿ ಬಂತು.

"ಎರಡು ಹಳದಿ."

ನನಗೆ ಕಾಣಲಿಲ್ಲ. ಕಣ್ಣು ಕಿರಿದು ಮಾಡಿದೆ. ಹೌದು, ಅಲ್ಲಿ, ಸಾಸಿವೆ ಕಾಳಿನಷ್ಟು. "ಎರಡು ಹಳದಿ" ಎಂದೆ. ಅದು ದಾಟಿತು, ಒಂದೊಂದಾಗಿ ಮುಂದಿನ ಸಿಗ್ನಲ್‌ಗಳು ಬಂದವು.

"ಒಂದು ಹಳದಿ."

"ಒಂದು ಹಳದಿ."

"ಕೆಂಪು."

"ಕೆಂಪು" ಎಂದೆ. ಮಾವ ಆತುರವಿಲ್ಲದೆ ಬ್ರೇಕ್ ಹಾಕುತ್ತ ಬಂದು, ಸಿಗ್ನಲ್ಲಿಗೆ ಎರಡು ಕಂಬ ಹಿಂದೆ ಗಾಡಿ ನಿಲ್ಲಿಸಿದರು. ಲೆಕ್ಕ ಹಾಕಿದರೆ, ಅವರಿಗೆ ಕೆಂಪು ಕಂಡಿದ್ದು ಹದಿನೈದು ಕಂಬ ಮುಂಚೆ. ನನಗಿಂತ ಮೂರು ಕಂಬ ಮೊದಲು.

ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ತುಂಬಾ ಹೊತ್ತು ಒರೆಸಿದರು. "ನಾನು ಸರಿ ಇದ್ದೀನಿ ಕಣಮ್ಮ" ಎಂದರು. ನನಗೆ ಅಳು ಬಂತು. ಯಜಮಾನಿ ಏನೂ ಕೇಳದೆ ಇಬ್ಬರಿಗೂ ಟೀ ತರಿಸಿದರು.

ವ್ಯಾಪಾರ ಬಿಡಲಾದೀತೇ? ಟೀ ಮುಗಿದ ಮೇಲೆ ಯಜಮಾನಿ ತಮ್ಮದೇ ಮೆಷಿನ್ನಿನಲ್ಲಿ ಸಾಹುಕಾರ ಕಾರ್ಡನ್ನೂ ಹಾಕಿ ತೋರಿಸಿದರು. ಹದಿನಾರು ಕಂಬ. ಬೆಲೆ ಸುಮಾರು ಮೂರು ಪಟ್ಟು. "ಒಂದು ಕಂಬಕ್ಕೆ ಇಷ್ಟು ದುಡ್ಡಾ?" ಎಂದರು ಮಾವ. ಅದಕ್ಕೆ ಹೊಸ ಪವರ್ ಸಪ್ಲೈ ಬೇಕು, ನಮ್ಮ ಡಬ್ಬದೊಳಗೆ ಅದು ಹಿಡಿಸುವುದೂ ಇಲ್ಲ ಎಂದು ಯಜಮಾನಿಯೇ ಒಪ್ಪಿಕೊಂಡರು. ನೀವೂ ಕಾರ್ಡು ಕೊಳ್ಳುವವರಿದ್ದರೆ ಇಷ್ಟು ನೆನಪಿಡಿ: ಡಬ್ಬದಲ್ಲಿ ಎಷ್ಟು ಜಾಗವಿದೆ, ಪವರ್ ಸಪ್ಲೈ ಎಷ್ಟು ತಾಳುತ್ತದೆ ಎಂದು ಮೊದಲು ನೋಡಿ. ಆಮೇಲೆ ನಿಮಗೆ ಎಷ್ಟು ಕಂಬ ಬೇಕು ಅಂತ ನೀವೇ ತೀರ್ಮಾನಿಸಿ. ಜಾಹೀರಾತಿನಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ.

ಸೋಮವಾರ ಬೆಳಗ್ಗೆ ಮಾವ ಸ್ಕೂಟರ್ ಒರೆಸಿ ನಿಲ್ಲಿಸಿದ್ದರು. ಮಂಡಿ ನೋವಿನ ಸುದ್ದಿಯೇ ಇಲ್ಲ. ನಾನು ಹಿಂದೆ ಕೂತೆ. ಗೇಟಿನ ಹತ್ತಿರ ಕೆಳಗಿನ ಮನೆಯವರು ಅಡ್ಡ ಬಂದರು. "ಸ್ಕೂಟರಿಗೆ ಒಬ್ಬ ಗಿರಾಕಿ ಸಿಕ್ಕಿದ್ದಾನಮ್ಮಾ, ಸಾಯಂಕಾಲ ಬರ್ತಾನಂತೆ" ಎಂದರು ತಮಿಳಿನಲ್ಲಿ, ಮಾವನ ಎದುರಿಗೇ.

ಮಾವ ತಿರುಗಿ ನನ್ನ ಮುಖ ನೋಡಲಿಲ್ಲ. "ಹೆಲ್ಮೆಟ್ ಹಾಕ್ಕೋಮ್ಮ, ಎಂಟೂ ಕಾಲಿಂದು ತಪ್ಪೋಗುತ್ತೆ" ಎಂದರು ಅಷ್ಟೇ. ಸ್ಟೇಷನ್ ಬರುವ ತನಕ ನಾನು ಅವರ ಬೆನ್ನು ನೋಡುತ್ತ ಕೂತಿದ್ದೆ. ನಾನು ದಿನಕ್ಕೆ ಮೂರು ಸಲ ಫೋನ್ ಎಲ್ಲಿಟ್ಟೆ ಎಂದು ಹುಡುಕುತ್ತೇನೆ. ಅದಕ್ಕೆ ಕೆಲಸದ ಒತ್ತಡ ಎಂದು ಹೆಸರು. ಅವರು ಒಂದು ಸಲ ಸ್ಕೂಟರ್ ಬೇಡವೆಂದರು. ಅದಕ್ಕೆ ನಾನಿಟ್ಟ ಹೆಸರು ವಯಸ್ಸು.

ಮಾವ ತಮ್ಮ ಕಣ್ಣನ್ನು ಅನುಮಾನಿಸಿದ್ದು ಮೂವತ್ತಾರು ವರ್ಷದ ಶಿಸ್ತಿನಿಂದ, ಸರಿ. ಎರಡೇ ದಿನದಲ್ಲಿ ಆ ಅನುಮಾನವನ್ನು ನಂಬಿಬಿಡಲು ನನಗೆ ಕಲಿಸಿದವರು ಯಾರು?