ಮೇಣದಕ್ಕನ ಮೇಜು

ಗ್ರಂಥಾಲಯದ ಓದುವ ಮೇಜುಗಳಿಗೆ ಇಪ್ಪತ್ತಾರು ವರ್ಷಗಳಿಂದ ಜೇನುಮೇಣ ತಿಕ್ಕುತ್ತಿದ್ದ ಹೆಂಗಸನ್ನು ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದ ಗ್ರಂಥಪಾಲಕರು ಮೇಜುಗಳಿಗೆಲ್ಲ ವಾರ್ನಿಷ್ ಬಳಿಸಲು ಹೊರಟಾಗ ಅವಳು ಮೇಣದ ಡಬ್ಬಿ ಹಿಡಿದು ಅವರೆದುರು ಬಂದು ನಿಂತಳು.

"ನಿಮ್ಮ ಮೇಣದಿಂದ ಏನು ಬಂತಕ್ಕಾ? ಬಿಸಿ ಲೋಟ ಇಟ್ಟಿದ್ದಕ್ಕೇ ಬಳೆಯಂಥ ಬಿಳಿ ಕಲೆ ಬಿದ್ದಿದೆ, ನೋಡಿ."

"ಇಟ್ಟೋರು ಯಾರು ಸಾರ್?"

ಅವರು ನಕ್ಕು, ಕೈಲಿದ್ದ ಕಾಫಿ ಲೋಟವನ್ನು ಬೆನ್ನ ಹಿಂದೆ ಸರಿಸಿದರು. ಅಕ್ಕ ಕಡಲೆಗಾತ್ರದ ಮೇಣವನ್ನು ಬಟ್ಟೆಗೆ ಹಚ್ಚಿ, ಮರದ ಎಳೆಯ ಗುಂಟ ಒಂದೇ ಸಮನೆ ತಿಕ್ಕಿದಳು. ಮೇಣದ ಅಂಟು ಉಳಿದಿದ್ದರೆ ಜಡ್ಡುಗಟ್ಟಿದ ಅಂಗೈಗೆ ತಿಳಿಯದೆಂದು, ಎಂದಿನಂತೆ ಕೈಯ ಹಿಂಬದಿಯಿಂದ ಸವರಿ ನೋಡಿದಳು. ಕಲೆ ಮಾಯವಾಗಿತ್ತು.

"ವಾರ್ನಿಷ್ ಮೇಲೆ ಬಿದ್ದಿದ್ರೆ ಇಡೀ ಮೇಜನ್ನೇ ಕೆರೆದು ಮತ್ತೆ ಬಳೀಬೇಕಿತ್ತು."

"ಆಯ್ತಕ್ಕಾ, ವಾರ್ನಿಷ್ ಬೇಡ," ಎಂದರು ಗ್ರಂಥಪಾಲಕರು, ಮೆಲ್ಲಗೆ.

"ಗಟ್ಟಿಯಾಗಿ ಹೇಳಿ ಸಾರ್, ಓದ್ತಾ ಕೂತೋರಿಗೂ ಕೇಳ್ಲಿ," ಎಂದು ಮೇಣದಕ್ಕ ತಲೆಯೆತ್ತಿ ನಿಂತಳು.