ಅಕ್ಕನ ಎಡಗಣ್ಣು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಂಥವಳು ತಾಸುಗಟ್ಟಲೆ ಕೂತು ಕಣ್ಣು ಬರೆಯಲು ಕಲಿತೆ ಎಂದರೆ ನಮ್ಮ ಮನೆಯವರು ಈಗಲೂ ನಂಬುವುದಿಲ್ಲ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಲಗೋಳದವಳಾದ ನಾನು ಶಿರಸಿಯ ಶಾಲೆಯಲ್ಲಿ ಓದುತ್ತ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದ್ದೆ. ಹೂವು, ಹೂಜಿ, ಕೊಡೆ ಎಲ್ಲ ಸಲೀಸು. ಮನುಷ್ಯರ ಮುಖ ಬಂತೋ, ಕಣ್ಣು ಕೈಕೊಡುತ್ತಿತ್ತು.

ಧಾರವಾಡ ಕಡೆಯ ಡ್ರಾಯಿಂಗ್ ಮಾಸ್ತರರು ನನ್ನ ಹಾಳೆ ನೋಡಿ ನಕ್ಕುಬಿಟ್ಟರು.

"ಇದು ಗಣಪತಿ ಕಣ್ಣು ನೋಡವಾ. ದೇವರಿಗೆ ನಿದ್ದಿ ಬರೂದಿಲ್ಲ, ಮನಷ್ಯಾರಿಗೆ ಬರ್ತೈತಿ. ರೆಪ್ಪಿ ಎಲ್ಲೈತಿ?"

ಮಾತು ನಿಜ. ಅಪ್ಪಯ್ಯ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದ. ಒಂದು ಕಣ್ಣು ಬರೆದು, ಕಸಬರಿಗೆಯ ಹಿಡಿಕಡ್ಡಿಯಲ್ಲಿ ಅದರ ಅಳತೆ ತೆಗೆದು, ಅಷ್ಟೇ ಇನ್ನೊಂದನ್ನು ಬರೆಯುವುದು ಅವನ ಕ್ರಮ. ದೇವರ ಕಣ್ಣು ಹೆಚ್ಚುಕಡಿಮೆಯಾದರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದ. ನನ್ನ ಕೈ ಕಲಿತದ್ದು ಅದನ್ನೇ. ಮಾಸ್ತರರು ಹೊಸದಾಗಿ ಹೇಳಿಕೊಟ್ಟರು: ಮೊದಲು ಗುಡ್ಡೆ, ಅದನ್ನು ಹೊದ್ದ ರೆಪ್ಪೆ, ರೆಪ್ಪೆಯ ನೆರಳು, ಬೆಳಕಿನ ಚುಕ್ಕೆಗೆ ಹಾಳೆಯ ಬಿಳಿಯನ್ನೇ ಬಿಡಬೇಕು.

ಎದುರಿಗೆ ಕೂರುವವರು ಬೇಕಲ್ಲ! ಅಮ್ಮನನ್ನು ನಾವು ಆಯಿ ಎನ್ನುತ್ತಿದ್ದೆವು; ಅವಳನ್ನು ಕರೆದರೆ, "ಎಂಗೆ ಮಜ್ಜಿಗೆ ಕಡಿಯದು ಇದ್ದು" ಎಂದು ಎದ್ದು ಹೋಗುತ್ತಿದ್ದಳು. ಕೂತವಳು ಅಕ್ಕ. ಅವಳ ಎಡಗಣ್ಣಿನ ಗುಡ್ಡೆ ಹುಟ್ಟಿದಾಗಿನಿಂದ ಕಿವಿಯ ಕಡೆ ಸರಿದಿತ್ತು. ಹೊರಗಿನವರು ಬಂದರೆ ನೆಲ ನೋಡಿಕೊಂಡೇ ಮಾತಾಡುವಳು. ಆ ವರ್ಷ ಹೆಗ್ಗರಣೆಯ ಕಡೆಯಿಂದ ಅವಳಿಗೊಂದು ಸಂಬಂಧ ಬಂದಿತ್ತು. ಜಾತಕ ಕೂಡಿತು, ಫೋಟೋ ಕೇಳಿದರು. ಅಕ್ಕ ಫೋಟೋಕ್ಕೆ ಸುತರಾಂ ಒಪ್ಪಲಿಲ್ಲ. ಹಾಗಾದರೆ ತಂಗಿ ಬರೆದ ಚಿತ್ರವನ್ನಾದರೂ ಕಳಿಸೋಣ ಎಂದು ಆಯಿ ಹಟ ಹಿಡಿದಳು.

ನಾನು ಬರೆದೆ. ರೆಪ್ಪೆ, ನೆರಳು ಎಲ್ಲ ಮಾಸ್ತರರು ಹೇಳಿದಂತೆಯೇ. ಆದರೆ ಹಳೇ ಅಭ್ಯಾಸ ಬಿಡಬೇಕಲ್ಲ, ಬಲಗಣ್ಣು ಮುಗಿದದ್ದೇ ಕಡ್ಡಿಯಲ್ಲಿ ಅಳತೆ ತೆಗೆದು ಎಡಗಣ್ಣನ್ನೂ ಅಷ್ಟೇ ನೆಟ್ಟಗೆ ಕೂರಿಸಿದೆ.

"ಎಷ್ಟ್ ಚೊಲೊ ಬಂಜು!" ಎಂದು ಆಯಿ ಹಿಗ್ಗಿದಳು. "ಇದನ್ನೇ ಕಳ್ಸನ."

ಅಕ್ಕ ಮಾತ್ರ ಬಹಳ ಹೊತ್ತು ನೋಡಿ ಹಾಳೆಯನ್ನು ಕೆಳಗಿಟ್ಟಳು.

"ಇದು ಯಾರೇ? ಈ ಚಿತ್ರದ ಕೂಸ್ನ ಒಪ್ಪಿ ಬಂದವಕ್ಕೆ ಆನು ಬಾಗ್ಲು ತೆಗೆದ್ರೆ ಎಂತ ಆಗ್ತು?"

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಕಷ್ಟಪಟ್ಟು ಬರೆದದ್ದು! "ಹಂಗಾರೆ ಕೂತ್ಕ. ಅಲ್ಲಾಡಡ. ನೆಲ ನೋಡಡ, ಎನ್ನ ನೋಡು" ಎಂದು ಗದರಿದೆ. ಅವಳು ಮುಖ ಎತ್ತಿದಳು.

ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ಆದರೂ ಆ ಕಣ್ಣನ್ನು ನಾನು ನೆಟ್ಟಗೆ ನೋಡಿರಲೇ ಇಲ್ಲ. ನೋಡದೇ ಇರುವುದು ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು. ಈಗ ನೋಡಿದೆ. ಮೂಗಿನ ಕಡೆ ಬಿಳಿ ಅಗಲ, ರೆಪ್ಪೆ ಒಂದು ಎಳೆ ತಗ್ಗು. ಬಲಗಣ್ಣಲ್ಲಿ ಪಾಪೆಯ ನಡುವೆ ಇದ್ದ ಬೆಳಕಿನ ಚುಕ್ಕೆ ಇದರಲ್ಲಿ ಅಂಚಿಗೆ ಬಂದಿತ್ತು. ಬರೆಯುತ್ತ ಬರೆಯುತ್ತ ಸಿಟ್ಟು ಎತ್ತ ಹೋಯಿತೋ. ನನ್ನ ಅಕ್ಕ ಚಂದ ಇದ್ದಾಳೆ ಎಂದು ಅವತ್ತು ಮೊದಲ ಸಲ ಅನ್ನಿಸಿತು.

ಮುಗಿದ ಮೇಲೆ ಅಕ್ಕ ನೋಡಿದಳು. "ಹ್ಞಾಂ, ಇದು ಆನು" ಎಂದಳು. ಆಯಿ ಎಷ್ಟು ಗೋಗರೆದರೂ ಕೇಳದೆ ಅದನ್ನೇ ಅಪ್ಪಯ್ಯನ ಕೈಗೆ ಕೊಟ್ಟಳು.

ಹೆಗ್ಗರಣೆಯಿಂದ ಉತ್ತರ ಬಂತು: ಜಾತಕ ಕೂಡುವುದಿಲ್ಲವಂತೆ. ಕೂಡಿದ ಮೇಲೇ ಅಲ್ಲವೇ ಅವರು ಫೋಟೋ ಕೇಳಿದ್ದು! ಚಿತ್ರವನ್ನೂ ಹಿಂದೆ ಕಳಿಸಲಿಲ್ಲ. "ಕೈಗೆ ಬಂದ ತುತ್ತು ಬಾಯಿಗೆ ಬಂಜಿಲ್ಲೆ. ಮೊದ್ಲಿಂದು ಕಳ್ಸಿದ್ರೆ ಆಗ್ತಿತ್ತು" ಎಂದು ಆಯಿ ನನ್ನ ಮೇಲೆ ಹರಿಹಾಯ್ದಳು. ನಾನು ಮೂಲೆಯಲ್ಲಿ ಕೂತು ಗಳಗಳ ಅತ್ತೆ.

ಅಕ್ಕನ ಕಣ್ಣಲ್ಲೂ ನೀರಿತ್ತು. ಸೆರಗಿನಿಂದ ಒರೆಸಿಕೊಂಡು, ಮಣೆ ತಂದು ಕಿಟಕಿಯ ಬೆಳಕಿಗೆ ಹಾಕಿ ನನ್ನೆದುರು ಕೂತಳು.

"ಅಳಡ. ಇನ್ನೊಂದು ಬರಿ, ದೊಡ್ಡದಾಗಿ. ಜಗಲಿ ಗೋಡೆಗೆ ಹಾಕನ. ಬಪ್ಪವು ಅಲ್ಲೇ ನೋಡ್ಕ್ಯಂಡು ಒಳಗೆ ಬರ್ಲಿ."