ಸಾಬಮ್ಮನ ಹೊಲದ ಹದಿನಾರು ಚೌಕಗಳು

ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಇದರಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ನಾನೇ ಸೇರಿಸಿದ್ದೆಷ್ಟು ಎಂಬುದು ಈಗ ನನಗೇ ಖಚಿತವಿಲ್ಲ. ಆ ವರ್ಷದ ಡೈರಿ ವರ್ಗಾವಣೆಯ ಗಡಿಬಿಡಿಯಲ್ಲಿ ಕಳೆದುಹೋಯಿತು. ಉಳಿದಿರುವುದು ಒಂದು ಗ್ರಾಫ್ ಹಾಳೆ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಅಂಕಿಗಳು. ಹಾಳೆಯಲ್ಲಿರುವುದನ್ನು ಧೈರ್ಯವಾಗಿ ಹೇಳುತ್ತೇನೆ. ಉಳಿದದ್ದನ್ನು ಸ್ವಲ್ಪ ಅನುಮಾನದಿಂದಲೇ ಓದಿ. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

2014ರ ಮುಂಗಾರು. ಮಕ್ತಲ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಗದ್ವಾಲ್‌ನಿಂದ ನಾರಾಯಣಪೇಟೆಯವರೆಗಿನ ಹಳ್ಳಿಗಳಲ್ಲಿ ಮೆಕ್ಕೆಜೋಳದ ಪ್ರಯೋಗಗಳನ್ನು ನೋಡಿಕೊಳ್ಳುವ ಬೇಸಾಯ ತಜ್ಞನಾಗಿದ್ದೆ. ತೆಲಂಗಾಣ ಆಗಷ್ಟೇ ಬೇರೆ ರಾಜ್ಯವಾಗಿತ್ತು. ನಮ್ಮ ಫಾರಂಗಳಲ್ಲಿ ಹಳೆಯ ರಾಜ್ಯದ ಹೆಸರೇ ಅಚ್ಚಾಗಿತ್ತು. ಅದನ್ನು ಪೆನ್ನಿನಿಂದ ಹೊಡೆದು ಮೇಲೆ ಹೊಸ ಹೆಸರು ಬರೆಯುವುದು ಬೆಳಗಿನ ಮೊದಲ ಕೆಲಸ. ನಾನು ರಾಯಚೂರಿನ ಕಡೆಯವನಾದ್ದರಿಂದ ಕನ್ನಡ ಮಾತಾಡುವ ಹಳ್ಳಿಗಳೆಲ್ಲ ನನ್ನ ಪಾಲಿಗೆ ಬಂದವು.

ನನ್ನ ಕೈಯಲ್ಲಿದ್ದ ಉಪಕರಣದ ಹೆಸರು ಕ್ಯಾನೊಪಿ ಸೆನ್ಸರ್. ಕೋಲಿಗೆ ಕಟ್ಟಿದ ಟಾರ್ಚಿನಂತೆ ಕಾಣುತ್ತದೆ. ಬೆಳೆಯ ಮೇಲೆ ಹಿಡಿದು ನಡೆದರೆ ಎಲೆಗಳ ಮೇಲೆ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಬಿಟ್ಟು, ತಿರುಗಿ ಬಂದದ್ದನ್ನು ಅಳೆಯುತ್ತದೆ. ಸಾರಜನಕ ಚೆನ್ನಾಗಿ ಸಿಕ್ಕ ಬೆಳೆ ಕೆಂಪನ್ನು ನುಂಗಿ ಇನ್‌ಫ್ರಾರೆಡ್ಡನ್ನು ಹಿಂದಕ್ಕೆ ಎಸೆಯುತ್ತದೆ. ಇದರಿಂದ ಒಂದು ಅಂಕಿ ಬರುತ್ತದೆ. ಆದರೆ ಆ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ. ಹೋಲಿಸಿ ನೋಡಲು, ಬಿತ್ತುವಾಗಲೇ ಹೊಲದ ಒಂದು ಬದಿಯಲ್ಲಿ ನಾಲ್ಕು ಸಾಲಿಗೆ ಬೇಕಾದದ್ದಕ್ಕಿಂತ ಹೆಚ್ಚು ಯೂರಿಯಾ ಕೊಟ್ಟಿರುತ್ತೇವೆ. ಅದು ಹೊಟ್ಟೆ ತುಂಬಿದ ಪಟ್ಟಿ. ಬೆಳೆ ಸೊಂಟದೆತ್ತರ ಬಂದಾಗ ಹೊಲದ ಅಂಕಿಯನ್ನು ಪಟ್ಟಿಯ ಅಂಕಿಯಿಂದ ಭಾಗಿಸಬೇಕು. ಒಂದರ ಹತ್ತಿರ ಬಂದರೆ ಮೇಲುಗೊಬ್ಬರ ಬೇಡ. ಸಾಕಷ್ಟು ಕೆಳಗಿದ್ದರೆ ಬೇಕು.

ಮಾಗನೂರಿನ ಹತ್ತಿರ ಸಾಬಮ್ಮನಿಗೆ ಎರಡು ಎಕರೆ ಮಸಾರಿ, ಅಂದರೆ ಕೆಂಪು ನೆಲ. ಗಂಡ ಕಟ್ಟಡದ ಕೆಲಸಕ್ಕೆ ಗುಂಪಿನೊಂದಿಗೆ ಪುಣೆಗೆ ಹೋಗಿದ್ದ. ಮೊದಲ ದಿನವೇ ಆಕೆ ಸ್ಪಷ್ಟವಾಗಿ ಹೇಳಿದ್ದಳು: "ಈ ಸಲ ಮಕ್ಕಿಜ್ವಾಳ ಕೈ ಹತ್ತಿದ್ರ ಅವರನ್ನ ಮತ್ತ ಕಳಸಂಗಿಲ್ರಿ." ನನಗೆ ಅದು ಸೆನ್ಸರಿನ ಪರೀಕ್ಷೆ, ಆಕೆಗೆ ಸಂಸಾರದ್ದು. ಫಾರಂ ತುಂಬುವಾಗ ಎಷ್ಟು ಬಂಡಿ ಗೊಬ್ಬರ ಹಾಕಿದ್ದೀರಿ ಎಂದು ಕೇಳಿದೆ. ಒಂದು ಬಂಡಿಯೂ ಇಲ್ಲ ಎಂದಳು. ಸೊನ್ನೆ ಬರೆದುಕೊಂಡೆ.

ಆಗಸ್ಟ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದ ಮರುದಿನ ಬೆಳಿಗ್ಗೆ ಸೆನ್ಸರ್ ಹಿಡಿದು ಹೊಲಕ್ಕಿಳಿದು, ಎಲ್ಲಿ ಯಾವ ಅಂಕಿ ಬಂತೆಂದು ಗ್ರಾಫ್ ಹಾಳೆಯ ಮೇಲೆ ಹೊಲದ ನಕ್ಷೆಯಂತೆ ಬರೆದುಕೊಂಡೆ. ಸುತ್ತಲಿನವರೆಲ್ಲ ಹಸಿ ಆರುವ ಮೊದಲೇ ಯೂರಿಯಾ ಎರಚುತ್ತಿದ್ದರು. ಸಾಬಮ್ಮನ ಚೀಲವೂ ಬದುವಿನ ಮೇಲೆ ಕಾಯುತ್ತಿತ್ತು. ಪೂರ್ವದ ಎಕರೆಯಲ್ಲಿ ಲೆಕ್ಕ ನೇರವಾಗಿತ್ತು: 0.82ರ ಆಸುಪಾಸು, ಯೂರಿಯಾ ಬೇಕೇ ಬೇಕು. ಪಶ್ಚಿಮದ ಎಕರೆಯಲ್ಲಿ 0.97. ಅದರಲ್ಲೂ ಚದುರಿದಂತೆ ಮೂರು ಕಡೆ 1.04.

ಹೊಟ್ಟೆ ತುಂಬಿದ್ದಕ್ಕಿಂತ ಹೆಚ್ಚು ತುಂಬಿದ ಬೆಳೆ! ನನಗೆ ನಂಬಿಕೆ ಬರಲಿಲ್ಲ. ಬಿತ್ತಿದ ಮೇಲೆ ಮಳೆ ಕೈಕೊಟ್ಟಿತ್ತು. ಪಟ್ಟಿಗೆ ಹಾಕಿದ ಯೂರಿಯಾ ಬೇರಿಗೆ ಇಳಿದೇ ಇಲ್ಲದಿದ್ದರೆ? ಆಗ ಪಟ್ಟಿಯೂ ಹಸಿದಿದೆ, ಹೊಲವೂ ಹಸಿದಿದೆ; ಎರಡು ಹಸಿವುಗಳು ಸಮ ಎಂದಷ್ಟೇ ಯಂತ್ರ ಹೇಳುತ್ತಿದೆ. ಗಾಜು ಒರೆಸಿ ಮತ್ತೊಮ್ಮೆ ಅಳೆದೆ. ಅವೇ ಅಂಕಿಗಳು. ಕೊನೆಗೆ ಇಡೀ ಹೊಲಕ್ಕೆ ಯೂರಿಯಾ ಹಾಕಿಬಿಡಿ ಎಂದೆ. ಹಾಗೆ ಹೇಳಿದರೆ ಯಾರೂ ನನ್ನನ್ನು ದೂರುವಂತಿರಲಿಲ್ಲ.

ಸಾಬಮ್ಮ ಚೀಲ ಮುಟ್ಟಲಿಲ್ಲ. "ಯಂತ್ರ ತಂದವ್ರೂ ನೀವ, ನಂಬಲಾರದವ್ರೂ ನೀವ. ಆ ಕಡಿ ಎಕರಿಗೆ ನಾ ಹಾಕಂಗಿಲ್ರಿ ಸರ್. ಮ್ಯಾಲಿನ ಹೊಲದಾಗ ಹಿಂಗ ಕುರಿ ಕುಂತಲ್ಲಿ ಯೂರಿಯಾ ಹಾಕಿ ಜ್ವಾಳ ಮಗ್ಗಲಾಗಿ ಮಲಗಿತ್ತು."

ಕುರಿಯೇ? ನಾನು ಫಾರಂ ತೆಗೆದು ಸೊನ್ನೆ ತೋರಿಸಿದೆ.

"ನೀವು ಎಷ್ಟು ಬಂಡಿ ಅಂತ ಕೇಳಿದ್ರಿ. ಕುರಿ ಬಂಡ್ಯಾಗ ಬರ್ತಾವೇನ್ರಿ?"

ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಕುರಿ ತರುಬುವುದು ಆ ಸೀಮೆಯ ಹಳೆಯ ಪದ್ಧತಿ. ಹಿಕ್ಕೆ, ಗಂಜಲ ಎಲ್ಲ ನೆಲಕ್ಕೆ ಸೇರುತ್ತವೆ. ನಾನೂ ಬಾಲ್ಯದಲ್ಲಿ ಅದನ್ನು ನೋಡಿದವನೇ. ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ನನ್ನ ತಲೆಯಲ್ಲೂ ಇರಲಿಲ್ಲ. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಕುರಿಗಳು ಇಡೀ ಎಕರೆಯಲ್ಲಿ ಮಲಗಿದ್ದರೆ ಆ ಮೂರು ಜಾಗಗಳಷ್ಟೇ ಏಕೆ ಬೇರೆ?

ಸಾಬಮ್ಮ ಕುರಿಗಳ ಒಡೆಯ ಮಾಳಪ್ಪನನ್ನು ಕರೆಸಿದಳು. ದೂರದ ಸಂಬಂಧದಲ್ಲಿ ಆಕೆಗೆ ಮಾವನಾಗಬೇಕು; ಅಂದು ಹಳ್ಳದ ದಂಡೆಯಲ್ಲೇ ಮೇಯಿಸುತ್ತಿದ್ದ. ಗ್ರಾಫ್ ಹಾಳೆಯನ್ನು ತಿರುವಿ ಹಿಡಿದು, ಒಂದು ಖಾನೆ ಅಂದರೆ ಎಷ್ಟು ಹೆಜ್ಜೆ ಎಂದು ಕೇಳಿದ. ಹೇಳಿದೆ. ಬದುವಿನ ಮೇಲೆ ಕುಳಿತು, ಹತ್ತಿಕಟ್ಟಿಗೆಯಿಂದ ಹಾಳೆಯ ಮೇಲೆ ಗೆರೆ ಹಾಕುವಂತೆ ಮಾಡಿ ಬಲೆ ಸರಿದ ದಾರಿ ತೋರಿಸಿದ. ನೇಗಿಲು ತಿರುಗಿದ ಹಾಗೆ ಆ ತುದಿಗೆ ಹೋಗಿ ಈ ತುದಿಗೆ ಬರುವುದು. ದಿನಕ್ಕೊಂದು ಜಾಗ; ಒಂದೊಂದಕ್ಕೂ ನಾನು ಪೆನ್ಸಿಲ್ಲಿನಲ್ಲಿ ಒಂದು ಚೌಕ ಎಳೆದೆ. ಆ ದಾರಿಯಲ್ಲೇ ಎಣಿಸಿದರೆ, ಒಂದು 1.04ಕ್ಕೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಐದು ಚೌಕ. ಎರಡು ಸಲವೂ ಐದೇ.

"ಇವು ಆದಿತ್ಯವಾರದವು ಸಾಹೇಬ್ರ," ಎಂದ. "ಅವತ್ತು ಮೈಲಾರಲಿಂಗಪ್ಪನ ವಾರ. ನಮ್ಮ ಮನ್ಯಾಗ ಗೂಟ ಕೀಳಂಗಿಲ್ಲ. ಕುರಿ ಶನಿವಾರ ಕುಂತಲ್ಲೇ ಕುಂದರ್ತಾವ."

ಎರಡು ರಾತ್ರಿ ಒಂದೇ ಜಾಗದಲ್ಲಿ. ಅಷ್ಟು ದಿನದ ಹಿಂದಿನ ಮಾತು ನೆನಪಿರುವುದು ಹೇಗೆ ಎಂದು ಕೇಳಿದೆ; ಕೇಳದೆ ಇದ್ದಿರಲಾರೆ. ಮಾಳಪ್ಪ ಮೂರನೆಯ ಗುರುತಿನ ಮೇಲೆ ಬೆರಳಿಟ್ಟ. "ಇದು ತೆಲಂಗಾಣ ಬಂದ ರಾತ್ರಿದು. ಊರಾಗ ಪಟಾಕಿ ಹೊಡದ್ರು, ಕುರಿ ಬೆದರಿ ಬಲಿ ಹರಕೊಂಡು ಓಡಿದ್ವು. ಅಲ್ಲಪ್ಪಾ, ನಮ್ಮಪ್ಪನ ದಿನಾನ ಇವರಿಗೆ ರಾಜ್ಯ ಬರಬೇಕಾ ಅಂದೆ."

"ಬೈದಿದ್ದು ಯಾರಿಗೆ ಮಾವ, ಕುರಿಗಾ, ಸರಕಾರಕ್ಕಾ?" ಎಂದು ಸಾಬಮ್ಮ ನಕ್ಕಳು.

ಹಾಳೆಯಲ್ಲಿ ಹದಿನಾರು ಚೌಕಗಳಿದ್ದವು. ಮಂದೆ ಕುಳಿತದ್ದು ಹತ್ತೊಂಬತ್ತು ರಾತ್ರಿ ಎಂದ ಮಾಳಪ್ಪ. ಜಾಗ ಬದಲಿಸದ ಮೂರು ಆದಿತ್ಯವಾರ ಕಳೆದರೆ ಹದಿನಾರು. ಆಮೇಲೆ ನನಗೆ ನಾಚಿಕೆ ತರುವ ಇನ್ನೊಂದು ವಿಷಯ ಹೊಳೆಯಿತು. ಪೂರ್ವದ ಎಕರೆಯಲ್ಲಿ ಪಟ್ಟಿ ಹೊಲಕ್ಕಿಂತ ಎದ್ದು ಕಾಣುವಷ್ಟು ಹಸಿರಾಗಿತ್ತು. ಅಂದರೆ ಪಟ್ಟಿಯ ಹೊಟ್ಟೆ ತುಂಬಿಯೇ ಇತ್ತು. ಆ ಸಾಕ್ಷಿ ನನ್ನ ಕಣ್ಣೆದುರೇ ಇದ್ದರೂ ನಾನು ಯಂತ್ರವನ್ನು ದೂರುತ್ತ ನಿಂತಿದ್ದೆ.

ಸಲಹೆ ತಿದ್ದಿಕೊಂಡೆ: ಯೂರಿಯಾ ಪೂರ್ವದ ಎಕರೆಗೆ ಮಾತ್ರ. ನನಗೆ ಇನ್ನೂ ನೂರಕ್ಕೆ ನೂರು ಖಾತ್ರಿಯಿಲ್ಲ ಎಂಬುದನ್ನೂ ಹೇಳಿ, ಪಶ್ಚಿಮದಲ್ಲಿ ನಾಲ್ಕು ಸಾಲಿಗೆ ಪರೀಕ್ಷೆಗಾಗಿ ಹಾಕಲು ಕೇಳಿದೆ. ಆಕೆ ಒಂದೇ ಸಾಲಿಗೆ ಒಪ್ಪಿದಳು, ಅದೂ ನನ್ನ ಸಮಾಧಾನಕ್ಕೆ. ಸೆಪ್ಟೆಂಬರಿನ ಗಾಳಿಗೆ ಆ ಸಾಲು ಬಾಗಿ ಪಕ್ಕದ ಸಾಲಿನ ಮೇಲೆ ಒರಗಿತು. ಉಳಿದದ್ದೆಲ್ಲ ನಿಂತಿತ್ತು. ಕೊಯ್ಲಿನಲ್ಲಿ ಎರಡೂ ಎಕರೆಯ ತೂಕ ಹೆಚ್ಚುಕಡಿಮೆ ಸಮ ಬಂತು; ಆ ಸಾಲಿನ ತೆನೆಗಳು ಬೇರೆಯವಕ್ಕಿಂತ ದಪ್ಪವೇನೂ ಆಗಿರಲಿಲ್ಲ.

ತೆನೆ ಮುರಿಯಲು ಸಾಬಮ್ಮನ ಗಂಡ ಪುಣೆಯಿಂದ ಬಂದಿದ್ದ. ಮುಂದಿನ ಬೇಸಿಗೆ ಮಾಗನೂರಿನ ದಾರಿಯಲ್ಲಿ ಹೋಗುವಾಗ ಅವನು ಪೂರ್ವದ ಎಕರೆಯಲ್ಲಿ ಮಾಳಪ್ಪನ ಜೊತೆ ಬಲೆಯ ಗೂಟ ಹೊಡೆಯುತ್ತಿದ್ದುದನ್ನು ಕಂಡೆ. ಜೀಪು ನಿಲ್ಲಿಸಿ ಮಾತಾಡಿಸಿದೆನೋ, ಕೈಬೀಸಿ ಮುಂದೆ ಹೋದೆನೋ ನೆನಪಿಲ್ಲ. ಅವನು ಊರಲ್ಲೇ ಇದ್ದ ಎಂಬುದಂತೂ ಖಂಡಿತ.

ಅಳತೆ ಸರಿಯಿದ್ದರೂ ಕೇಳಬೇಕಾದ ಪ್ರಶ್ನೆ ಬಿಟ್ಟುಹೋದರೆ ಅಂಕಿ ಸುಳ್ಳಿನಂತೆ ಕಾಣುತ್ತದೆ. ನೌಕರಿ ನನಗೆ ಕಲಿಸಿದ್ದರಲ್ಲಿ ಬಹಳ ಉಪಯೋಗಕ್ಕೆ ಬಂದದ್ದು ಇದೇ. ಆಮೇಲೆ ಪ್ರತಿ ಫಾರಂನಲ್ಲೂ ಒಂದು ಸಾಲನ್ನು ನಾನೇ ಕೈಯಿಂದ ಬರೆದು ಸೇರಿಸುತ್ತಿದ್ದೆ: ಬೇಸಿಗೆಯಲ್ಲಿ ಈ ಹೊಲದಲ್ಲಿ ಯಾರ ಕುರಿ ಮಲಗಿದ್ದವು, ಎಷ್ಟು ರಾತ್ರಿ, ಯಾವ ಬದಿಗೆ?

ಒಂದು ಸಂಶಯ ಮಾತ್ರ ಬಹಳ ವರ್ಷ ಕಾಡಿತು. ಪಟಾಕಿಯ ರಾತ್ರಿಯೂ ಆದಿತ್ಯವಾರವೂ ಕೂಡಿಬಂದದ್ದು ಮಾಳಪ್ಪನ ಮಾತೇ, ಅಥವಾ ಕತೆ ಚೆನ್ನಾಗಲಿ ಎಂದು ನಾನು ಹೊಂದಿಸಿದ್ದೇ? ಇದನ್ನು ಬರೆಯಲು ಕೂರುವ ಮೊದಲು 2014ರ ಕ್ಯಾಲೆಂಡರ್ ಹುಡುಕಿ ತೆಗೆದೆ. ರಾಜ್ಯ ಹುಟ್ಟಿದ ಜೂನ್ ಎರಡು ಸೋಮವಾರ; ಪಟಾಕಿ ಹೊಡೆದದ್ದು ಅದು ಶುರುವಾಗುವ ನಡುರಾತ್ರಿ. ಹಿಂದಿನ ದಿನ, ಜೂನ್ ಒಂದು, ಆದಿತ್ಯವಾರ.